ಕೊಳೆ ಕಾಣದ ಬಟ್ಟೆ

ವಾಷಿಂಗ್ ಮಷೀನಿನಿಂದ ತೆಗೆದ ಬಿಳಿ ಬಟ್ಟೆಗೆ ನಾಯಿಯ ಕೂದಲು ಅಂಟಿತ್ತು. ಒಂದೆರಡಲ್ಲ, ಬಟ್ಟೆಯ ಉದ್ದಗಲಕ್ಕೂ ಕಂದು ಕೂದಲು. ಅದು ದೇವರ ವಿಗ್ರಹ ಒರೆಸುವುದಕ್ಕೆಂದು ದಾವಣಗೆರೆಯಿಂದ ಅಮ್ಮ ಕೊಟ್ಟು ಕಳಿಸಿದ್ದ ಬಟ್ಟೆ. ನನಗಿಂತ ಮುಂಚೆ ಯಾರೋ ಪುಣ್ಯಾತ್ಮರು ಅದೇ ಮಷೀನಿನಲ್ಲಿ ನಾಯಿಯ ಹಾಸಿಗೆ ಒಗೆದುಕೊಂಡು ಹೋಗಿದ್ದರು. ಅದನ್ನು ಮತ್ತೆ ಆ ಮಷೀನಿಗೆ ಹಾಕಲೂ ಮನಸ್ಸಾಗಲಿಲ್ಲ. ನಾವು ಸ್ಯಾನ್ ಡಿಯಾಗೋಗೆ ಬಂದು ಆಗಿನ್ನೂ ಒಂದು ವಾರ ಆಗಿರಲಿಲ್ಲ.

ನಮ್ಮನೆಯವರಿಗೆ ಕಾರ್ಲ್ಸ್‌ಬಾಡ್‌ನಲ್ಲಿ ಕೆಲಸ. ಮಗಳು ಅನಘಾಳ ಸ್ಕೂಲು ಚೆನ್ನಾಗಿರಬೇಕೆಂದು ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಬಾಡಿಗೆಗೆ ಒಂದು ಕಾಂಡೋ ಹಿಡಿದಿದ್ದರು. ಕಾಂಡೋ ಅಂದರೆ ನಮ್ಮ ಕಡೆಯ ಫ್ಲಾಟು. ಎಲ್ಲ ಇತ್ತು, ಒಗೆಯುವ ಮಷೀನು ಮಾತ್ರ ಆ ಸಾಲಿನ ಎಲ್ಲ ಮನೆಗಳಿಗೂ ಸೇರಿ ಒಂದೇ ಕೋಣೆಯಲ್ಲಿ. ನಾನು ಬಾತ್‌ರೂಮಿನ ಬಕೆಟ್ಟಿನಲ್ಲಿ ಒಗೆದು ಬಾಲ್ಕನಿಯಲ್ಲಿ ಹಗ್ಗ ಕಟ್ಟಿ ಹರವಿದರೆ ಮೂರನೆಯ ದಿನಕ್ಕೆ ಬಾಗಿಲಿಗೆ ಚೀಟಿ ಅಂಟಿತು. ಎಚ್‌ಒಎ ಎಂದು ಇಲ್ಲಿ ಮನೆಯೊಡೆಯರ ಸಂಘವೊಂದಿರುತ್ತದೆ. ಗೋಡೆಯ ಬಣ್ಣದಿಂದ ಹಿಡಿದು ಕಸದ ಡಬ್ಬಿ ಇಡುವ ಜಾಗದವರೆಗೆ ಎಲ್ಲಕ್ಕೂ ಅವರ ಅಪ್ಪಣೆಯಾಗಬೇಕು. ಬೀದಿಗೆ ಕಾಣುವಂತೆ ಬಟ್ಟೆ ಒಣಗಿಸಬಾರದಂತೆ, ನೋಡುವವರಿಗೆ ಅಸಹ್ಯವಂತೆ. ನಾಯಿಯ ಹಾಸಿಗೆಯ ಜೊತೆ ಮನುಷ್ಯರ ಒಳಬಟ್ಟೆ ತಿರುಗಬಹುದು, ಒಗೆದ ಸೀರೆ ಬಿಸಿಲು ಕಾಯುವುದು ಅಸಹ್ಯ. ಇಂಥವರ ಊರಿಗೆ ಬಂದೆನಲ್ಲ ಎನ್ನಿಸಿತು.

ಊರಲ್ಲಿ ದಿನಾ ಸ್ನಾನ ಮಾಡಿ, ಮಡಿಯುಟ್ಟು, ಅರ್ಧ ಗಂಟೆ ರಾಯರ ಮುಂದೆ ಕೂತು ಎದ್ದರೇ ನನಗೆ ಬೆಳಗು. ಮಡಿ ಅಂದರೆ ಗೊತ್ತಲ್ಲ, ಒಗೆದ ಬಟ್ಟೆಯನ್ನು ಯಾರೂ ಮುಟ್ಟದ ಹಾಗೆ ಒಣಗಿಸಿ, ಕೋಲಿನಿಂದ ತೆಗೆದು ಉಡುವುದು. ಇಲ್ಲಿ ಮುಟ್ಟದ ಜಾಗ ಎಲ್ಲಿದೆ? ನೆಲ ಪೂರ್ತಿ ಗೋಡೆಯಿಂದ ಗೋಡೆಗೆ ಕಾರ್ಪೆಟ್. ಅದರ ಮೇಲೆ ಹಿಂದಿನ ಬಾಡಿಗೆದಾರರು ಷೂ ಹಾಕಿಕೊಂಡೇ ಓಡಾಡಿದ್ದಾರೆ. ಅದನ್ನು ನೀರು ಹಾಕಿ ತೊಳೆಯುವ ಹಾಗಿಲ್ಲ.

ಅಷ್ಟರಲ್ಲಿ ಕೊರೊನಾ ಬಂತು, ಎಲ್ಲ ಮುಚ್ಚಿತು. ಒಂದು ತಮಾಷೆ ಹೇಳುತ್ತೇನೆ. ಆ ವರ್ಷ ಅಮೆರಿಕಕ್ಕೆ ಅಮೆರಿಕವೇ ಮಡಿ ಉಟ್ಟಿತು. ದೂರ ನಿಲ್ಲಿ, ಮುಟ್ಟಬೇಡಿ, ಬಂದ ತಕ್ಷಣ ಕೈ ತೊಳೆಯಿರಿ, ಅಂಗಡಿಯ ಸಾಮಾನು ಒರೆಸಿ ಒಳಗಿಡಿ. ನಮ್ಮಜ್ಜಿ ಹೇಳುತ್ತಿದ್ದುದನ್ನೇ ಟೀವಿಯಲ್ಲಿ ಡಾಕ್ಟರುಗಳು ಹೇಳುತ್ತಿದ್ದರು. ಆ ದಿನಗಳಲ್ಲೇ ಕೆಳಗಿನ ಮನೆಯ ಇಲ್ಸೆ ನನ್ನನ್ನು ಕರೆದದ್ದು.

ಇಲ್ಸೆ ತೊಂಬತ್ತರ ಹತ್ತಿರದ ಜರ್ಮನ್ ಮುದುಕಿ. ಗಂಡ ತೀರಿಕೊಂಡ ಮೇಲೆ ಮಗಳ ಹತ್ತಿರ ಇರಲೆಂದು ಇಲ್ಲಿಗೆ ಬಂದವರು. ಆಮೇಲೆ ಮಗಳೂ ತೀರಿಹೋದಳು. ಈಗ ಇರುವವಳು ಮೊಮ್ಮಗಳು ಕ್ಲೌಡಿಯಾ ಒಬ್ಬಳೇ, ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ. ಕೆಳಗಿನ ಮನೆಗಳಿಗೆ ಹಿಂದೆ ಪ್ಯಾಟಿಯೋ ಇರುತ್ತದೆ, ಮರದ ಬೇಲಿಯೊಳಗಿನ ಸಣ್ಣ ಸಿಮೆಂಟಿನ ಅಂಗಳ. ಇಲ್ಸೆ ಬೇಲಿಗಿಂತ ಗೇಣು ಕೆಳಗೆ ಹಗ್ಗ ಕಟ್ಟಿ, ಯಾರ ಕಣ್ಣಿಗೂ ಬೀಳದ ಹಾಗೆ ದುಪ್ಪಟಿ ಒಣಗಿಸುತ್ತಿದ್ದರು. ಡ್ರೈಯರ್ ಬಟ್ಟೆಯನ್ನು ತಿನ್ನುತ್ತದೆ ಎನ್ನುವುದು ಅವರ ಸಿದ್ಧಾಂತ. ನನ್ನ ಬಾಲ್ಕನಿಯ ಹಗ್ಗ ಮಾಯವಾದದ್ದನ್ನು ನೋಡಿದ್ದರು. ಅರ್ಧ ಹಗ್ಗ ನಿನಗೆ, ಬಾ ಎಂದರು. ಅವರ ಇಂಗ್ಲಿಷೂ ಮುರುಕು, ನನ್ನದೂ ಮುರುಕು. ಆ ಮಾತುಗಳನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಸೀರೆಯನ್ನು ನೀವು ಮುಟ್ಟಬಾರದು ಎಂದು ಮೊದಲೇ ಹೇಳಿಬಿಟ್ಟೆ. ರೋಗದ ಕಾಲವಾದ್ದರಿಂದ ಅವರು ಕಾರಣ ಕೇಳಲಿಲ್ಲ. ಸೀರೆ ತೆಗೆಯಲು ಒಂದು ಕೋಲು ಬೇಕೆಂದಾಗ ಪೊರಕೆಯ ಕೋಲು ಕೊಡಲು ಬಂದರು. ಶಿವಶಿವಾ ಎಂದುಕೊಂಡು ನಮ್ಮನೆಯವರಿಂದ ಹೊಸ ಪರದೆ ಕೋಲು ತರಿಸಿದೆ. ಅಲ್ಲಿನ ಬಿಸಿಲಿಗೆ ಒಂಬತ್ತು ಗಜದ ಸೀರೆಯೂ ಬೇಗ ಗರಿಗರಿಯಾಗುತ್ತಿತ್ತು. ಮಳೆ ಇಲ್ಲ, ಧೂಳಿಲ್ಲ, ಕಾಗೆಯೂ ಕಡಿಮೆ. ಇಲ್ಸೆಗೆ ನಾಯಿಯಿರಲಿಲ್ಲ. ರಾಯರು ದೊಡ್ಡದೇನನ್ನೂ ಕೊಡದಿದ್ದರೂ ಇಷ್ಟನ್ನು ಕೊಟ್ಟರಲ್ಲ ಎಂದು ದಿನಾ ನೆನೆಯುತ್ತಿದ್ದೆ.

ಇಲ್ಸೆಯ ಕೆಲಸ ಏನಾಗಿತ್ತು ಎಂದು ತಿಳಿದದ್ದು ಲಸಿಕೆ ಹಾಕಿಸಿಕೊಂಡ ಮೇಲೆ, ಒಳಗೆ ಕೂತು ಚಹ ಕುಡಿಯುವಷ್ಟು ಧೈರ್ಯ ಬಂದಾಗ. ಚಿತ್ರ ಬರೆಯುವುದನ್ನು ಕಲಿಯಲು ಶಾಲೆಗೆ ಸೇರಿದ್ದರಂತೆ. ಹುಡುಗಿಯರಿಗೆ ಮಗ್ಗವೇ ಸರಿ ಎಂದು ನೇಯ್ಗೆಯ ಕೋಣೆಗೆ ಕಳಿಸಿದರಂತೆ. ಕಲಿತು ಹೊರಗೆ ಬಂದಾಗ ಯುದ್ಧ ಮುಗಿದು ಊರುಗಳು ಮತ್ತೆ ಏಳುತ್ತಿದ್ದವು. ಟ್ರಾಮು, ರೈಲುಗಳ ಸೀಟಿಗೆ ಉಣ್ಣೆಯ ಬಟ್ಟೆ ನೇಯುವ ಗಿರಣಿಯೊಂದರಲ್ಲಿ ಕೆಲಸ ಸಿಕ್ಕಿತು. ವಿನ್ಯಾಸದ ಕೋಣೆಯಲ್ಲಿ ಇವರೊಬ್ಬರೇ ಹೆಂಗಸು. ಮದುವೆಯಾದಾಗ ಇನ್ನು ಮನೆಯಲ್ಲಿರು ಎಂದರೂ ಬಿಡಲಿಲ್ಲ, ಮಗು ಹುಟ್ಟಿದಾಗಲೂ ಬಿಡಲಿಲ್ಲ. ವಯಸ್ಸಾಗುವವರೆಗೂ ಅದೇ ಗಿರಣಿ, ಅದೇ ಮೇಜು. ಅವರ ವಿನ್ಯಾಸಗಳಿಗೆ ನಂಬರ್ ಇತ್ತು, ಹೆಸರಿರಲಿಲ್ಲ. ಎಲ್ಲಾದರೂ ಹೆಸರು ಹಾಕಲೇಬೇಕಾದಾಗ ಕೋಣೆಯ ಯಜಮಾನನ ಹೆಸರು ಹಾಕುತ್ತಿದ್ದರು.

“ನನ್ನ ಕೆಲಸ ಏನು ಗೊತ್ತಾ ಪದ್ಮಾ? ಕೊಳೆ ಕಾಣದ ಹಾಗೆ ಮಾಡೋದು,” ಎಂದರು, ಕೈ ಉಜ್ಜಿಕೊಂಡು. ಕೊಳೆಗೆ ಅವರ ಭಾಷೆಯಲ್ಲಿ ಶ್ಮುಟ್ಸ್ ಅನ್ನುತ್ತಾರೆ. ಆ ಪದವನ್ನು ಅವರು ನಾವು ಕರದಂಟಿನ ಹೆಸರು ಹೇಳುವ ಹಾಗೆ ಹೇಳುತ್ತಿದ್ದರು. ಹಳೆಯ ಸೀಟುಗಳಿಂದ ಕತ್ತರಿಸಿದ ತುಂಡುಗಳನ್ನು ಮೇಜಿನ ಮೇಲೆ ಹರಡಿಕೊಂಡು, ಪಕ್ಕದಲ್ಲೇ ಕಾಫಿ ಇಟ್ಟುಕೊಂಡು ನೋಡುತ್ತಿದ್ದರಂತೆ. ಇದು ತಲೆಯೆಣ್ಣೆ ಹತ್ತಿದ್ದು, ಇದು ಕುಡುಕ ಕಕ್ಕಿದ್ದು, ಇದು ಮಗು ಉಚ್ಚೆ ಹೊಯ್ದದ್ದು. ಊರಿನ ಕೊಳೆ ಕಪ್ಪಲ್ಲ, ಮೊದಲು ಹಳದಿ, ಆಮೇಲೆ ಒಂಥರಾ ಹಸಿರು, ಕೊನೆಗೆ ಕಂದು. ಆ ಬಣ್ಣಗಳನ್ನೇ ನೂಲಿಗೆ ಹಾಕಿಸಿ ಚೌಕ, ಗೆರೆ, ಚುಕ್ಕಿ ನೇಯ್ದರೆ ಮೇಲೆ ಬಿದ್ದ ಕೊಳೆ ವಿನ್ಯಾಸದಲ್ಲೇ ಕರಗಿಹೋಗುತ್ತದೆ.

ಚಹದ ಬಟ್ಟಲನ್ನು ಕೆಳಗಿಟ್ಟೆ. ನಮ್ಮಲ್ಲಿ ಮಡಿಪಂಚೆ ಬಿಳಿ ಯಾಕೆ? ಒಂದು ಚುಕ್ಕಿ ಬಿದ್ದರೂ ಕಾಣಲಿ ಎಂದು. ಈಕೆ ಬದುಕಿಡೀ ಅದರ ತಿರುಗುಮುರುಗು ಮಾಡಿದ್ದಾರೆ. ಮನೆಗೆ ಹೋಗಿ ನಮ್ಮ ಕಾರ್ಪೆಟ್ ನೋಡಿದೆ. ಕಂದು, ಬೂದು, ಮಾಸಲು ಹಸಿರು ಚುಕ್ಕಿಗಳು. ಎರಡು ವರ್ಷ ಅದರ ಮೇಲೆ ಓಡಾಡಿದ್ದೆ, ಯಾಕೆ ಆ ಬಣ್ಣ ಎಂದು ಆವತ್ತು ತಿಳಿಯಿತು. ಮೂಲೆಯಲ್ಲಿ ಒಂದು ತುದಿ ಎತ್ತಿ ಅಡಿಗೆ ಇಣುಕಿದೆ. ಏನು ಕಂಡೆ ಎಂದು ಬರೆಯುವುದಿಲ್ಲ, ನೀವು ಊಟ ಮಾಡಿ ಓದುತ್ತಿರಬಹುದು. ಅನಘಾ ಹಿಂದೆ ನಿಂತು “ಅಮ್ಮಾ, ದಟ್ಸ್ ಸೋ ಗ್ರಾಸ್” ಎಂದಳು. ಗ್ರಾಸ್ ಅಂದರೆ ಇಲ್ಲಿನ ಮಕ್ಕಳ ಬಾಯಲ್ಲಿ ಹೇಸಿಗೆ. ಮನೆಯ ಮಾಲೀಕ ಕಾರ್ಪೆಟ್ ತೆಗೆಸಲು ಒಪ್ಪಲಿಲ್ಲ. ದೇವರ ಮುಂದೆ ದುಪ್ಪಟಿ ಮಡಚಿ ಹಾಸಿಕೊಂಡೆ. ಕೂತರೆ ರಾಯರ ಮುಖ ನೆನಪಿಗೆ ಬರದು, ಕೆಳಗೇನಿದೆ ಎನ್ನುವುದೇ ನೆನಪು.

ಮಾರನೆಯ ವರ್ಷ ಇಲ್ಸೆ ಬಿದ್ದು ಸೊಂಟ ಮುರಿದುಕೊಂಡರು. ಕ್ಲೌಡಿಯಾ ಅವರನ್ನು ಬರ್ಬ್ಯಾಂಕ್‌ಗೆ ಕರೆದುಕೊಂಡು ಹೋಗುವುದೆಂದಾಯಿತು. ಹೊರಡುವ ಮುಂಚೆ ನನ್ನನ್ನು ಕರೆಸಿ, ಪೆಟ್ಟಿಗೆಯಿಂದ ಒಂದು ಸುರುಳಿ ತೆಗೆಸಿ ಮಂಚದ ಮೇಲೆ ಬಿಡಿಸಿದರು. ಮಖಮಲ್ಲಿನಂಥ ದಪ್ಪ ಉಣ್ಣೆ, ಪಾಚಿ ಬಣ್ಣದ ಮೇಲೆ ಇಟ್ಟಿಗೆ ಕೆಂಪಿನ ಸಣ್ಣ ಚೌಕಗಳು. ಅವರು ಮಾಡಿದ್ದರಲ್ಲಿ ಉಳಿದದ್ದು ಅದೊಂದೇ. ಗಿರಣಿ ಮುಚ್ಚಿದೆ, ಆ ಟ್ರಾಮುಗಳನ್ನು ಗುಜರಿಗೆ ಹಾಕಿದ್ದಾರೆ. ಬಟ್ಟೆ ಪೆಟ್ಟಿಗೆಯಲ್ಲಿದ್ದರೆ ಸತ್ತ ಹಾಗೆ, ಅದರ ಮೇಲೆ ಯಾರಾದರೂ ಕೂರಬೇಕು. ದಿನಾ ತಪ್ಪದೆ ನೆಲದ ಮೇಲೆ ಕೂರುವವಳು ನೀನೊಬ್ಬಳೇ, ನೀನಿಟ್ಟುಕೋ ಎಂದರು.

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಕೊಳೆ ಮುಚ್ಚಿಡಲಿಕ್ಕೆಂದೇ ಹುಟ್ಟಿದ ಬಟ್ಟೆಯನ್ನು ದೇವರ ಮುಂದೆ ಹಾಸಲಾರೆ ಎಂದೆ. ಆಗ ಅವರು, ಮೂರು ವರ್ಷ ಕೇಳದ ಪ್ರಶ್ನೆಯನ್ನು ಕೇಳಿದರು.

“ನಿನ್ನ ಸೀರೆ ಮುಟ್ಟಬಾರದು ಅಂದೆಯಲ್ಲ, ಅದು ರೋಗಕ್ಕಾ, ನನಗಾ?”

ಯಾರಿಗಾದರೂ ಅಷ್ಟೇ, ನನ್ನ ಮಗಳಿಗೂ ಅಷ್ಟೇ ಎನ್ನಬಹುದಿತ್ತು. ಅದು ಪೂರ್ತಿ ನಿಜವಲ್ಲ ಎಂದು ನಮ್ಮ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

“ನಾನು ಸಣ್ಣವಳಿದ್ದಾಗ ನಮ್ಮೂರ ಪಾರ್ಕಿನ ಬೆಂಚುಗಳ ಮೇಲೆ ಬೋರ್ಡು ಇತ್ತು,” ಎಂದರು ಇಲ್ಸೆ. “ಯೆಹೂದಿಗಳು ಕೂರಬಾರದು ಅಂತ, ಹಿಟ್ಲರನ ಕಾಲ ಅದು. ನಮ್ಮಮ್ಮ ನನ್ನ ಕೂರಿಸೋ ಮುಂಚೆ ಆ ಬೆಂಚನ್ನ ಕರವಸ್ತ್ರದಿಂದ ಒರೆಸ್ತಿದ್ದಳು. ಕ್ಲೀನ್ ಅನ್ನೋ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ ಪದ್ಮಾ. ನಾನು ಮಾಡಿದ ಸೀಟಲ್ಲಿ ಮುಂಚೆ ಯಾರು ಕೂತಿದ್ರು ಅಂತ ಆಮೇಲೆ ಬಂದವರಿಗೆ ಗೊತ್ತಾಗ್ತಿರಲಿಲ್ಲ.”

ಆಮೇಲೆ ಅವರೇ ಬಟ್ಟೆಯನ್ನು ಸುತ್ತಿದರು. ಕ್ಲೌಡಿಯಾ ಸಿನಿಮಾದ ಸೆಟ್ಟುಗಳಿಗೆ ಕುರ್ಚಿ, ಪರದೆ ಜೋಡಿಸುವ ಕೆಲಸ ಮಾಡುತ್ತಾಳೆ, ಹಳೆಯ ರೈಲಿನ ಡಬ್ಬಿಯೊಂದಕ್ಕೆ ಕೇಳಿದ್ದಾಳೆ, ಅಲ್ಲಿಗೇ ಹೋಗಲಿ ಎಂದರು. ನನಗೆ ಮುಖ ಕೊಡದೆ ಗೋಡೆ ಕಡೆ ತಿರುಗಿ ಮಲಗಿದರು.

ಅವರು ಹೋದ ಮೇಲೆ ಹಗ್ಗವೂ ಹೋಯಿತು. ಬಾತ್‌ರೂಮಿನ ಪರದೆ ಕಂಬಿಯ ಮೇಲೆ ಒಣಗಿಸತೊಡಗಿದೆ. ಸೀರೆ ಮುಗ್ಗಲು ನಾರುತ್ತಿತ್ತು. ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡೆ, ನನ್ನ ಕಡೆ ನ್ಯಾಯ ಹೇಳುತ್ತಾಳೆ ಎಂದುಕೊಂಡು.

“ಏನ್ ಬಟ್ಟೆ ಅಂದಿ? ಉಣ್ಣೆಯದಾ?”

“ಹೂಂ ಅಮ್ಮ, ಉಣ್ಣೆ.”

“ಅಯ್ಯೋ ಹುಚ್ಚಿ, ಉಣ್ಣೆಗೆ ಎಲ್ಲೀ ಮೈಲಿಗೆಯೇ? ನಿಮ್ಮಜ್ಜಿ ಧಾಬಳಿ ಮರ್ತೆಯಾ?”

ಮರೆತಿರಲಿಲ್ಲ, ನೆನೆಸಿಕೊಂಡಿರಲಿಲ್ಲ. ಧಾಬಳಿ ಅಂದರೆ ಉಣ್ಣೆಯ ಮಡಿಬಟ್ಟೆ, ಸೀರೆ ಒಣಗದ ಮಳೆಗಾಲದಲ್ಲಿ ಅಜ್ಜಿ ಉಡುತ್ತಿದ್ದುದು. ಉಣ್ಣೆಗೂ ರೇಷ್ಮೆಗೂ ಮೈಲಿಗೆ ತಟ್ಟುವುದಿಲ್ಲ ಎನ್ನುವುದು ಶಾಸ್ತ್ರ. ಹಾಗಾಗಿ ಅದನ್ನು ಒಗೆದವರನ್ನು ನಾನು ನೋಡಿಲ್ಲ. ಬೆವರು, ಹೊಗೆ, ಕರಿದ ಎಣ್ಣೆ, ಒಲೆಯ ಬೂದಿ, ಅಜ್ಜಿಗೂ ಹಿಂದಿನವರ ಮೈಯ ಜಿಡ್ಡು, ಎಲ್ಲ ಅದರಲ್ಲೇ. ಅದು ಗಳದ ಮೇಲಿದ್ದರೆ ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಅದನ್ನು ಉಟ್ಟ ಅಜ್ಜಿ, ಒಗೆದ ಲಂಗ ಹಾಕಿಕೊಂಡ ನನ್ನನ್ನು ಮುಟ್ಟಬೇಡ ಎನ್ನುತ್ತಿದ್ದಳು. ಇಲ್ಸೆ ಚೌಕಡಿಯಿಂದ ಕೊಳೆ ಮುಚ್ಚಿದರು, ನಾವು ಮಾತಿನಿಂದ ಮುಚ್ಚಿದೆವು. ನನಗೆ ಎರಡರ ಮೇಲೂ ಹೇಸಿಗೆಯಾಯಿತು. ಒಂದನ್ನು ಪೂಜೆಗೆ ಸರಿ ಎಂದು ಒಪ್ಪಿಕೊಂಡು, ಇನ್ನೊಂದನ್ನು ಮುದುಕಿಯ ಮುಖಕ್ಕೆ ಎಸೆದಂತೆ ಮಾಡಿದ್ದೆನಲ್ಲ ಎಂದು ಅದಕ್ಕಿಂತ ಹೆಚ್ಚು ಹೇಸಿಗೆ.

ಆ ಶನಿವಾರವೇ ನಮ್ಮನೆಯವರಿಗೆ ಬರ್ಬ್ಯಾಂಕ್‌ಗೆ ಡ್ರೈವ್ ಮಾಡಿ ಎಂದೆ. ಒಂದು ತುಂಡು ಬಟ್ಟೆಗಾಗಿ ಫ್ರೀವೇನಲ್ಲಿ ಅರ್ಧ ದಿನವಾ ಎಂದು ಗೊಣಗಿದರು. ಗೊಣಗುತ್ತಲೇ ಬಂದರು, ಅದೂ ಒಂದು ದಯೆ.

ಕ್ಲೌಡಿಯಾ ಕೆಲಸ ಮಾಡುವುದು ಒಂದು ದೊಡ್ಡ ಗೋದಾಮಿನಲ್ಲಿ, ನೇರ ಅಲ್ಲಿಗೇ ಹೋದೆವು. ಇಲ್ಸೆ ಗಾಲಿಕುರ್ಚಿಯಲ್ಲಿ ಕೂತು ಕಣ್ಣೀರು ಬರುವ ಹಾಗೆ ನಗುತ್ತಿದ್ದರು. ಹೊಸ ಸಾಮಾನನ್ನು ಹಳೆಯದು ಮಾಡುವುದೇ ಇಲ್ಲಿ ಒಂದು ಉದ್ಯೋಗ. ಅದನ್ನು ಮಾಡುವ ಗಡ್ಡದ ಮನುಷ್ಯ ಬೆಳಗಿನಿಂದ ಆ ಬಟ್ಟೆಗೆ ಚಹದ ಚರಟ, ಎಣ್ಣೆ, ಬೂದಿ, ಬಣ್ಣದ ಮಣ್ಣು ತಿಕ್ಕಿದ್ದಾನೆ. ಕ್ಯಾಮೆರಾದಲ್ಲಿ ನೋಡಿದರೆ ಏನೂ ಕಾಣುತ್ತಿಲ್ಲ, ನಿನ್ನೆ ನೇಯ್ದ ಹಾಗಿದೆ. ಸಿಟ್ಟಿನಲ್ಲಿ ಇನ್ನಷ್ಟು ತಿಕ್ಕಿದ್ದಾನೆ. ಕೊನೆಗೆ ಈ ಬಟ್ಟೆ ಸಿನಿಮಾಕ್ಕೆ ಆಗುವುದಿಲ್ಲ ಎಂದು ಕಸದ ಡಬ್ಬಿಯ ಪಕ್ಕ ಹಾಕಿದ್ದ.

“ನೋಡು ಪದ್ಮಾ,” ಎಂದರು ಇಲ್ಸೆ, ನಗು ತಡೆದುಕೊಂಡು. “ನಾನು ರಿಟೈರ್ ಆದೆ, ಅದು ಆಗಿಲ್ಲ.”

ಅದು ನನಗೆ ಬೇಕು ಎಂದೆ. ಅವರ ನಗು ನಿಂತಿತು. ಈಗ ನಿಜವಾಗಿ ಕೊಳೆಯಾಗಿದೆ, ಒಗೆಯುವ ಹಾಗೂ ಇಲ್ಲ, ಹಿಂಬದಿಯ ಅಂಟು ಬಿಟ್ಟುಹೋಗುತ್ತದೆ, ಬಿಸಿಲಿಗೆ ಹಾಕಿ ಕೊಡವಬಹುದು ಅಷ್ಟೇ ಎಂದರು. ಆಗಲಿ ಎಂದೆ.

“ಕೂರ್ತೀಯಾ, ಇಲ್ಲಾ ಪೆಟ್ಟಿಗೆಗೆ ಹಾಕ್ತೀಯಾ?”

“ಕೂರ್ತೀನಿ.”

ಅವರು ಕೈ ಚಾಚಿದರು. ನಾನು ಮಡಿಯಲ್ಲಿರಲಿಲ್ಲ, ಹಿಡಿದುಕೊಂಡೆ. ಮಡಿಯಲ್ಲಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಬಟ್ಟೆಯನ್ನು ಕಸದ ಪಕ್ಕದಿಂದ ಎರಡು ಬೆರಳಲ್ಲಿ ಎತ್ತಿದ್ದು ಮಾತ್ರ ನಿಜ. ಅವರೂ ನೋಡಿದರು.

ಈಗ ದಿನಾ ಅದರ ಮೇಲೆ ಕೂರುತ್ತೇನೆ. ಚರಟ, ಎಣ್ಣೆ, ಬೂದಿ, ಎಲ್ಲವೂ ಕೆಳಗಿದೆ, ಕಾಣುವುದಿಲ್ಲ ಅಷ್ಟೇ. ಒಂದೆರಡು ಶ್ಲೋಕ ಆಗುವವರೆಗೆ ಮೈ ಬಿಗಿಹಿಡಿದಿರುತ್ತದೆ, ಆಮೇಲೆ ಹೇಗೋ ಸಡಿಲವಾಗುತ್ತದೆ. ಅನಘಾ ಸ್ಕೂಲಿನಿಂದ ಬಂದು ಅದೇ ಬಟ್ಟೆಯ ಮೇಲೆ ಚಿಪ್ಸ್ ತಿನ್ನುತ್ತಾ ಕೂರುತ್ತಾಳೆ. ಮೊದಮೊದಲು ಎಬ್ಬಿಸುತ್ತಿದ್ದೆ. ಇಲ್ಸೆ ವಾರಕ್ಕೊಮ್ಮೆ ಫೋನ್ ಮಾಡಿ ಕೂತೆಯಾ ಎಂದಷ್ಟೇ ಕೇಳುತ್ತಾರೆ.

ಹೋದ ವರ್ಷ ದಾವಣಗೆರೆಗೆ ಹೋಗಿದ್ದೆ. ಅಮ್ಮ ಪ್ರೀತಿಯಿಂದ ಅಜ್ಜಿಯ ಧಾಬಳಿ ತೆಗೆದು ಮಡಿಗೆ ಉಟ್ಟುಕೋ ಎಂದಳು. ಮೂಗಿನ ಹತ್ತಿರ ಬಂದ ಕೂಡಲೇ ಮುಖ ತಿರುಗಿಸಿದೆ. “ಅಮೆರಿಕಕ್ಕೆ ಹೋಗಿ ಹೇಸೋದು ಕಲ್ತು ಬಂದಿದ್ದೀಯಾ,” ಎಂದಳು ಅಮ್ಮ. ಇಲ್ಲಮ್ಮ, ಇಲ್ಲಿಂದಲೇ ತೆಗೆದುಕೊಂಡು ಹೋಗಿದ್ದೆ ಎನ್ನಬೇಕೆನಿಸಿತು. ಉಟ್ಟುಕೊಂಡು ಕೂತೆ. ಅಲ್ಲಿಯೂ ಹಾಗೆಯೇ ಮೈ ಬಿಗಿಯಿತು, ಹಾಗೆಯೇ ಸ್ವಲ್ಪ ಹೊತ್ತಿಗೆ ಸಡಿಲವಾಯಿತು. ಎರಡು ಕಡೆಯೂ ಕೂರುವುದಕ್ಕೆ ನನಗೆ ಜಾಗ ಕೊಟ್ಟಿದ್ದಾರೆ. ಎರಡು ಕಡೆಯೂ ಕೂತ ತಕ್ಷಣ ನನ್ನದು ಅನ್ನಿಸುವುದಿಲ್ಲ. ಮೈ ಬಿಗಿಹಿಡಿದು ಹೇಳಿದ ಆ ಮೊದಲ ಶ್ಲೋಕಗಳನ್ನು ರಾಯರು ಲೆಕ್ಕಕ್ಕೆ ಹಿಡಿಯದಿದ್ದರೆ ಸಾಕು.