ಸೇಬಿನ ಹಾರ ಹಾಕಲು ಬಂದವಳಿಗೆ ಬೇರೆ ಹೆಸರು

ಕಳೆದ ವರ್ಷ ಕನ್ನಡದ ಹೀರೋ ಒಬ್ಬರು ಅಮೆರಿಕದ ನಮ್ಮ ಬೇ ಏರಿಯಾಗೆ ಬಂದಿದ್ದರು. ಹೆಸರು ಹೇಳುವುದಿಲ್ಲ. ಅವರದೇನೂ ತಪ್ಪಿಲ್ಲ, ಅವರಿಗೆ ಈ ಸಂಗತಿ ಗೊತ್ತೂ ಇಲ್ಲ.

ನಾನು ಮದ್ದೂರಿನ ಕಡೆಯವಳು, ಈಗ ಯೂನಿಯನ್ ಸಿಟಿಯಲ್ಲಿದ್ದೇನೆ. ನಮ್ಮ ಕಡೆ ಹೀರೋ ಬಂದಾಗ ಬರೀ ಹೂವಿನ ಹಾರ ಹಾಕಿ ಕಳಿಸಿದರೆ ಊರಿನ ಮರ್ಯಾದೆ ಹೋದ ಹಾಗೆ. ಸೇಬಿನ ಹಾರವೇ ಆಗಬೇಕು, ಅದೂ ಕ್ರೇನಿನಲ್ಲಿ ಎತ್ತುವಂಥದ್ದು. ಇಲ್ಲಿ ಕ್ರೇನು ತರಲು ಯಾರು ಬಿಡುತ್ತಾರೆ? ಆಳೆತ್ತರದ್ದಾದರೂ ಆಗಲಿ ಎಂದು ನಮ್ಮ ಅಭಿಮಾನಿ ಬಳಗ ತೀರ್ಮಾನ ಮಾಡಿತು. ಬಳಗದ ಮುಂದಾಳು ಲೋಕೇಶ, ನನ್ನನ್ನು ಅಕ್ಕ ಎನ್ನುವ ಹುಡುಗ. ನಮ್ಮಲ್ಲಿ ಹೆಚ್ಚಿನವರು ಅಪಾರ್ಟ್‌ಮೆಂಟಿನವರು, ನನ್ನ ಮನೆಯ ಗ್ಯಾರೇಜಿನ ತುಂಬ ಹಳೇ ಸಾಮಾನು, ಅಷ್ಟುದ್ದದ ಹಾರ ಕಟ್ಟಲು ಜಾಗವೇ ಇಲ್ಲ. ಆಗ ನನ್ನ ಪಕ್ಕದ ಮನೆಯ ನಸ್ರೀನ್, "ನಮ್ಮ ಗ್ಯಾರೇಜು ಇದೆಯಲ್ಲ ಆಪಾ" ಅಂದಳು.

ನಸ್ರೀನ್ ಕರಾಚಿಯವಳು, ನನ್ನನ್ನು ಆಪಾ, ಅಂದರೆ ಅಕ್ಕ, ಎನ್ನುವಳು. ಹಿಂದಿಗೆ ಡಬ್ ಆದ ಸಿನಿಮಾ ನೋಡಿ ನೋಡಿ ಈ ಹೀರೋ ಎಂದರೆ ಅವಳಿಗೆ ಪ್ರಾಣ. ಶುಕ್ರವಾರ ಸಂಜೆ ನಮ್ಮ ಸೋಫಾದ ಮೇಲೆ ಕಾಲು ಮಡಚಿ ಕೂತು ಅವನ್ನೇ ಕನ್ನಡದಲ್ಲಿ ನೋಡುವಳು. ನನ್ನ ಮುರುಕು ಹಿಂದಿಯಲ್ಲಿ ನಾನು ಅರ್ಥ ಹೇಳಬೇಕು. ಹೀರೋ ಅಳುವ ಸೀನು ಬಂದರೆ ಅರ್ಥ ಯಾಕೆ, ನನಗಿಂತ ಮೊದಲು ಅವಳ ಮೂಗು ಕೆಂಪಾಗಿರುತ್ತಿತ್ತು.

ಒಂದಿಡೀ ಶನಿವಾರ ಅವಳ ಗ್ಯಾರೇಜಿನಲ್ಲಿ ಹಾರ ಕಟ್ಟಿದೆವು. ಅವಳ ಗಂಡ ಡ್ರಿಲ್ ಹಿಡಿದು ಸೇಬಿಗೆ ತೂತು ಹಾಕಿದ. ಲೋಕೇಶ ಅವಳ ಬಿರಿಯಾನಿಯನ್ನು ಎರಡೆರಡು ಸಲ ಬಡಿಸಿಕೊಂಡ. ಇಷ್ಟು ಭಾರದ ಹಾರ ಕತ್ತಿಗೆ ಒತ್ತುತ್ತದೆ ಎಂದು ನಮ್ಮಲ್ಲೊಬ್ಬರಿಗೂ ಹೊಳೆದಿರಲಿಲ್ಲ. ನಸ್ರೀನ್ ಒಳಗೆ ಹೋಗಿ ತನ್ನದೊಂದು ರೇಷ್ಮೆ ದುಪಟ್ಟಾ ತಂದು, ಹತ್ತಿ ತುಂಬಿ, ಕತ್ತಿನ ಭಾಗಕ್ಕೆ ಮೆತ್ತಗೆ ಹೊಲಿದಳು.

ಹೊಲಿಯುತ್ತಿರುವಾಗಲೇ ಕರಾಚಿಯಿಂದ ಅವಳ ಅಣ್ಣನ ವಿಡಿಯೋ ಕಾಲ್. ಇವಳು ಖುಷಿಯಲ್ಲಿ ಹಾರ ತೋರಿಸಿದಳು. ಅವನು, "ಇಂಡಿಯಾದವನಿಗೆ ಹಾರ ಹಾಕುತ್ತೀಯಾ? ನಾಚಿಕೆ ಬಿಟ್ಟೆಯಾ?" ಎಂದು ಎಲ್ಲರಿಗೂ ಕೇಳುವ ಹಾಗೆ ರೇಗಿದ. ಫೋನಿಟ್ಟು ನಸ್ರೀನ್ ನಕ್ಕಳು. "ಸ್ಟೇಜ್ ಮೇಲೆ ಅವರ ಪಕ್ಕ ಒಂದೇ ಒಂದು ಫೋಟೋ ಸಾಕು ಆಪಾ. ಮೊದಲು ಅಣ್ಣನಿಗೇ ಕಳಿಸುತ್ತೇನೆ." ಲೋಕೇಶನೇ ಮಾತು ಕೊಟ್ಟ. "ಹಾರ ಹಾಕೋರಲ್ಲಿ ನೀವೂ ಒಬ್ಬರು, ಭಾಭೀ."

ಕಾರ್ಯಕ್ರಮದ ದಿನ ನಸ್ರೀನ್ ಹಸಿರು ಜರಿಯ ಸಲ್ವಾರ್ ಹಾಕಿಕೊಂಡು, ಮದುವೆಮನೆಗೆ ಹೊರಟವಳ ಹಾಗೆ ಬಂದಳು. ಹಾಲ್‌ನ ಬಾಗಿಲಲ್ಲೇ ಲೋಕೇಶ ನನ್ನನ್ನು ಪಕ್ಕಕ್ಕೆ ಎಳೆದ.

"ಅಕ್ಕ, ಒಂದು ಪ್ರಾಬ್ಲಮ್ಮು. ಆಯಮ್ಮ ಆ ಕಡೆಯವರು ಅಂತ ಗೊತ್ತಾಗಿ ಕೆಲವರು ಗಲಾಟೆ ಮಾಡ್ತಾವ್ರೆ. ಫೋಟೋ ಊರಿಗೆ ಹೋದ್ರೆ ಹೀರೋ ಸಿನಿಮಾನೇ ಬಾಯ್ಕಾಟ್ ಅಂತಾರೆ."

"ಬಿರಿಯಾನಿ ತಿನ್ನೋವಾಗ ಯಾವ ಕಡೆಯವಳಾಗಿದ್ದಳೋ?"

"ಅಯ್ಯೋ, ಮೆಲ್ಲಗೆ ಮಾತಾಡಕ್ಕ."

"ನಿನ್ನ ಹೆಂಡತಿ ಪಾಕಿಸ್ತಾನದ ಸೀರಿಯಲ್ ಹೀರೋನ ಫೋಟೋನ ಫೋನಿನ ಸ್ಕ್ರೀನ್ ಮೇಲೆ ಕೂರಿಸಿಕೊಂಡಿದಾಳಲ್ಲ, ಅವನನ್ನ ಇಳಿಸಿದೀಯೇನೋ ಮೊದಲು?"

ಅವನ ಮುಖ ಕೆಂಪಾಯಿತು. "ಅದು ಬರೀ ಸೀರಿಯಲ್ಲಕ್ಕ. ನೋಡು, ನಾನೇ ಒಂದು ದಾರಿ ಮಾಡಿದೀನಿ" ಎಂದವನೇ ನಸ್ರೀನ್ ಹತ್ತಿರ ಹೋಗಿ ಕತ್ತಿಗೆ ಹಾಕುವ ಬ್ಯಾಡ್ಜು ಕೊಟ್ಟ. ಮೇಲೆ ಇಂಗ್ಲಿಷಿನಲ್ಲಿ 'ಲತಾ, ಹೈದರಾಬಾದ್' ಎಂದು ಪ್ರಿಂಟಾಗಿತ್ತು. "ಯಾರಾದರೂ ಕೇಳಿದರೆ ಇಷ್ಟೇ ಹೇಳಿ ಭಾಭೀ. ಹಣೆಗೊಂದು ಬೊಟ್ಟು ಇಟ್ಟರೆ ಸಾಕು, ಯಾರಿಗೂ ಗೊತ್ತಾಗಲ್ಲ" ಎಂದು ಹಿಂದಿಯಲ್ಲಿ ಹೇಳಿ, ಬೊಟ್ಟಿನ ಪ್ಯಾಕೆಟ್ಟನ್ನೂ ಜೇಬಿನಿಂದ ತೆಗೆದ. ಏನೋ ದೊಡ್ಡ ಉಪಕಾರ ಮಾಡಿದವನ ಮುಖ ಅವನದು!

ನಸ್ರೀನ್ ಬ್ಯಾಡ್ಜನ್ನು ತಿರುಗಿಸಿ ನೋಡಿದಳು. "ಆಪಾ, ಇದು ಯಾರು?" ಅಂದಳು.

ನನಗೆ ಮೈಯೆಲ್ಲ ಉರಿದು ಹೋಯಿತು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಇವನು ಎಣಿಸಿದ್ದಲ್ಲದೆ ಮನೆಯೊಡತಿಯ ಹೆಸರನ್ನೇ ಕಿತ್ತುಹಾಕಿದ್ದ. "ಹೋಗೋದಾದ್ರೆ ನಸ್ರೀನ್ ಆಗಿ ಸ್ಟೇಜಿಗೆ ಹೋಗ್ತಾಳೆ, ಯಾವನು ತಡೀತಾನೋ ನೋಡ್ತೀನಿ" ಎಂದು ಕೂಗಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಬಿರಿಯಾನಿ ತಿಂದವರೇ ಅಲ್ಲಿ ಎಷ್ಟೋ ಜನ ಇದ್ದರು. ಎಲ್ಲರೂ ಫೋನು ನೋಡುತ್ತ ಮುಂದೆ ಸರಿದರು. ಒಬ್ಬ ಹಿರಿಯರು ಮಾತ್ರ "ಸಮಯ ಸರಿಯಿಲ್ಲಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಅವರು ಹೇಳಿದ್ದು ನನಗಲ್ಲ, ಅವಳಿಗೆ.

ನಸ್ರೀನ್ ಬ್ಯಾಡ್ಜನ್ನು ಲೋಕೇಶನ ಕೈಗೇ ಕೊಟ್ಟು ಪಾರ್ಕಿಂಗ್ ಕಡೆ ನಡೆದಳು. ನಾನೂ ಹಿಂದೆ ಹೋದೆ. ಕಾರಿನಲ್ಲಿ ಕೂತಾಗ ಒಳಗಿನಿಂದ ಶಿಳ್ಳೆ, ಚಪ್ಪಾಳೆ ಕೇಳಿಸಿತು. ಹಾರ ಹಾಕಿದ್ದರು ಅಂತ ಕಾಣುತ್ತೆ. "ಅಣ್ಣ ಫೋಟೋ ಎಲ್ಲಿ ಅಂತ ಕೇಳುತ್ತಾನೆ. ಏನು ಹೇಳಲಿ ಆಪಾ? 'ನೀನು ಹೇಳಿದ್ದೇ ಸರಿ' ಅಂತ ಅವನಿಗೆ ಹೇಳಲಾ?" ಅಂದಳು. ನಾನು ಸೀಟ್‌ಬೆಲ್ಟ್ ಹಾಕಿಕೊಂಡು ಕಾರು ಸ್ಟಾರ್ಟ್ ಮಾಡಿದೆ.

ಮಾರನೆಯ ದಿನ ಬಳಗದ ಪುಟದಲ್ಲಿ ಹಾರದ ಫೋಟೋ ಬಂತು. ಕೆಳಗೆ 'ಅಭಿಮಾನಕ್ಕೆ ಗಡಿಯಿಲ್ಲ' ಎಂದು ಬರೆದಿದ್ದರು! ಈ ಹಾರ ಕಟ್ಟಿದ್ದು ಯಾರ ಮನೆಯಲ್ಲಿ, ಅವಳನ್ನು ಬಾಗಿಲಲ್ಲಿ ಏನು ಮಾಡಿದಿರಿ ಎಂದು ಅದರ ಕೆಳಗೇ ಬರೆದೆ. ತೆಗೆದುಹಾಕಿದರು. ಮತ್ತೆ ಬರೆದೆ. ನನ್ನನ್ನೇ ತೆಗೆದುಹಾಕಿದರು.

ಲೋಕೇಶ ಒಳ್ಳೆಯವನು, ಬಿಟ್ಟುಬಿಡು ಎಂದು ನನ್ನ ಗಂಡ ಹೇಳುತ್ತಾರೆ. ಒಳ್ಳೆಯವನೇ. ಅವರಿಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತಿದ್ದವನು ಇದೇ ಲೋಕೇಶ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಮರೆಯುತ್ತಿದ್ದೆ. ಒಳ್ಳೆಯವನು ಬೊಟ್ಟಿನ ಪ್ಯಾಕೆಟ್ಟನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದನಲ್ಲ, ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯಬೇಕೆಂಬ ಆಸೆಯೂ ನನಗಿಲ್ಲ.

ನಸ್ರೀನ್ ಈಗಲೂ ಬೇಲಿಯಾಚೆಯಿಂದ ಸಲಾಂ ಹೇಳುತ್ತಾಳೆ, ಮಕ್ಕಳ ಸಮಾಚಾರ ಕೇಳುತ್ತಾಳೆ. ಸಿನಿಮಾ ನೋಡೋಣ ಬಾ ಎಂದರೆ ಮಾತ್ರ "ತಲೆನೋವು ಆಪಾ" ಅನ್ನುತ್ತಾಳೆ. ನಾನೂ "ಹಾಗಾದರೆ ಮಲಗಮ್ಮ" ಎಂದು ಒಳಗೆ ಬರುತ್ತೇನೆ.