ಪ್ರೊವಿಯ ಶಂಖ, ಪ್ರೊವಿಯ ಗಿಳಿಗಳು

ನಮ್ಮ ಹೊಳೆ ಎದುರಿಗೆ ಬಂದು ಕೊಲ್ಲುವುದಿಲ್ಲ, ಬೆನ್ನ ಹಿಂದಿನಿಂದ ಬರುತ್ತದೆ. ಮಡುವಿನಲ್ಲಿ ಕತ್ತಿನವರೆಗೆ ಮುಳುಗಿ ಕೂತವನ ನೆತ್ತಿಯ ಮೇಲೆ ಚುರುಗುಟ್ಟುವ ಬಿಸಿಲಿರುತ್ತದೆ. ಅದೇ ಹೊತ್ತಿಗೆ ಮೇಲೆ ಬೆಟ್ಟದ ತಲೆಯ ಮೇಲೆ ಮಳೆ ಸುರಿದು, ಕಾಡಿನ ಕಮರಿಗಳಲ್ಲೆಲ್ಲ ನೀರು ಕೂಡಿಕೊಂಡು, ಕಲ್ಲು ಮರ ಹೊತ್ತು ಗೋಡೆಯಂತೆ ಎದ್ದು ಬರುತ್ತಿರುತ್ತದೆ. ಕಣ್ಣಿಗೆ ಕಂಡ ಮೇಲೆ ಓಡಿದರಾಯಿತು ಎಂದುಕೊಂಡವರ ಹೆಸರುಗಳೆಲ್ಲ ಚರ್ಚಿನ ಹಿಂದಿನ ಕಲ್ಲುಗಳ ಮೇಲಿವೆ.

ಅದಕ್ಕೇ ನಮ್ಮ ಊರಿಗೊಂದು ಶಂಖ. ಹೊಳೆಯ ದಡದಲ್ಲಿ ಎಲ್ಲಕ್ಕಿಂತ ಮೇಲಿನ ಮನೆ, ಕಾಡಿನ ಗಡಿಗೆ ಬೆನ್ನು ಕೊಟ್ಟು ನಿಂತ ಮನೆ, ಪ್ರೊವಿಡೆನ್ಸಿಯಾ ಕರಸ್ಕಿಯೊ ಎಂಬವಳದು. ಊರಿಗೆಲ್ಲ ಅವಳು, ಮರ್ಯಾದೆಗೆ, ದೋನ್ಯಾ ಪ್ರೊವಿ. ನನಗೆ ಮಾತ್ರ ಕೊಮಾಯ್. ಅವಳ ಒಬ್ಬಳೇ ಮಗಳು ಇರಾಯ್ದಾಳಿಗೆ ಜ್ಞಾನಸ್ನಾನದ ದಿನ ಜ್ಞಾನತಾಯಿಯಾಗಿ ನಿಂತವಳು ನಾನು, ಹಾಗಾಗಿ ನಾವಿಬ್ಬರೂ ಪರಸ್ಪರ ಕೊಮಾಯ್. ಆ ಮನೆಗೆ ಸೊಸೆಯಾಗಿ ಬಂದ ದಿನ ಅತ್ತೆ ಶಂಖವನ್ನು ಪ್ರೊವಿಯ ಕೈಗಿಟ್ಟು, "ಅಡುಗೆ ಬರದಿದ್ರೂ ನಡೆಯುತ್ತೆ, ಇದನ್ನ ಊದೋಕೆ ಬರ್ಲೇಬೇಕು" ಅಂದಿದ್ದಳಂತೆ. ಪ್ರೊವಿ ಎರಡನ್ನೂ ಕಲಿತಳು. ಅವಳು ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಪಾಸ್ತೆಲೆಸ್ ಇಲ್ಲದೆ ನಮ್ಮಲ್ಲಿ ಕ್ರಿಸ್‌ಮಸ್ ಆಗುತ್ತಿರಲಿಲ್ಲ.

ನೀರಿಗೆ ಕೆಸರಿನ ವಾಸನೆ ಹತ್ತಿ, ಹೊಳೆಯ ತಳದಲ್ಲಿ ಕಲ್ಲುಗಳು ಒಂದಕ್ಕೊಂದು ತಾಕುವ ಸದ್ದು ಬಂದರೆ ಅವಳು ಅಂಗಳಕ್ಕೆ ಓಡಿ ಮೂರು ಸಲ ಉದ್ದಕ್ಕೆ ಊದುತ್ತಿದ್ದಳು. ಕೆಳಗೆ, ವಿಧವೆಯ ಮಡು ಎಂದೇ ಹೆಸರಾದ ಮಡುವಿನಲ್ಲಿ ಮೀಯುತ್ತಿದ್ದವರು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು, ಅನ್ನದ ಪಾತ್ರೆ ಎತ್ತಿಕೊಂಡು ದಡ ಹತ್ತುತ್ತಿದ್ದರು. ಆ ಮಡು ಅವಳ ಮನೆಯಿಂದ ಕೂಗಳತೆಯ ದೂರವಲ್ಲ, ಶಂಖದಳತೆಯ ದೂರ. ಕಮರಿಯೊಳಗೆ ಮೊಬೈಲಿನ ಆಟ ನಡೆಯುವುದಿಲ್ಲ. ಮೂವತ್ತು ಚಿಲ್ಲರೆ ವರ್ಷ ಅವಳು ಊದಿದಳು, ಯಾರೂ ಒಂದು ದಿನ ಕೈಮುಗಿಯಲಿಲ್ಲ. ಸೇತುವೆಯ ಬಳಿ ಹೆಂಡದಂಗಡಿ ಇಟ್ಟಿದ್ದ ಮೋಂಚೊ ಮಾತ್ರ ಸಿಕ್ಕಾಗಲೆಲ್ಲ, "ನಿನ್ ಶಂಖ ಕೇಳಿ ಓಡೋ ಭರದಲ್ಲಿ ನನ್ ಗಿರಾಕಿಗಳು ದುಡ್ಡೇ ಕೊಡದೆ ಹೋಗ್ತಾರೆ ಕಣಮ್ಮ" ಎಂದು ರೇಗಿಸುತ್ತಿದ್ದ.

ಇಂಥ ಮಡುವಿನ ಮೇಲೆ ಸರ್ಕಾರದ ಕಣ್ಣು ಬಿತ್ತು. ಅದು ಕಾಯ್ದಿಟ್ಟ ಕಾಡು. ಅಲ್ಲಿ ನಾವು ಒಂದು ಕಡ್ಡಿ ಮುರಿದರೂ ದಂಡ. ಆದರೆ ಪ್ರವಾಸಿಗರಿಗೆಂದು ಮಡುವಿನವರೆಗೆ ಮರದ ಮೆಟ್ಟಿಲು, ನೋಟದ ಕಟ್ಟೆ, ಬಟ್ಟೆ ಬದಲಿಸುವ ಕೋಣೆ, ಮೇಲೆ ಕಾರು ನಿಲ್ಲಿಸುವ ಬಯಲು, ಇವೆಲ್ಲ ಬರುತ್ತವಂತೆ. ಕಟ್ಟುವ ಮುಂಚೆ ಪರಿಸರ ಪರಿಶೀಲನೆ ಆಗಬೇಕು, ಊರವರ ಮಾತು ಕೇಳಬೇಕು ಎಂದು ಕಾನೂನು. ಬೀಗ ಬಿದ್ದಿದ್ದ ಶಾಲೆಯ ಊಟದ ಕೋಣೆ ತೆಗೆಸಿ ಸಭೆ ಕರೆದರು. ಕೇಳಲು ಬಂದವನು ರಾಜಧಾನಿ ಸಾನ್ ಹುವಾನಿನ ಅಧಿಕಾರಿ ಬೆರಿಯೊಸ್, ಒಪ್ಪವಾಗಿ ಗಡ್ಡ ಕತ್ತರಿಸಿಕೊಂಡ, ಮಾತಿನಲ್ಲಿ ಬಹಳ ಮರ್ಯಾದಸ್ಥ ಹುಡುಗ.

ಮೊದಲು ಎದ್ದವನು ಮೋಂಚೊ. "ಜನ ಬರ್ತಾರೆ, ವ್ಯಾಪಾರ ಆಗುತ್ತೆ, ನಮ್ ಹುಡುಗ್ರು ಫ್ಲೋರಿಡಾಕ್ಕೆ ಗುಳೆ ಹೋಗೋದು ನಿಲ್ಲುತ್ತೆ. ಬೇಡ ಅನ್ನೋರಿಗೆ ತಲೆ ಕೆಟ್ಟಿದೆ ಅಷ್ಟೆ." ಅರ್ಧ ಊರು ಚಪ್ಪಾಳೆ ಹೊಡೆಯಿತು.

ಪ್ರೊವಿ ಎದ್ದು, "ಆ ಹೊಳೆ ಜನಾನ ಕೊಲ್ಲುತ್ತಪ್ಪಾ" ಎಂದಳು.

"ಅದು ಸುರಕ್ಷತೆ ವಿಷಯ, ದೋನ್ಯಾ. ಅದಕ್ಕೆ ಬೋರ್ಡ್ ಹಾಕ್ತೀವಿ" ಎಂದ ಬೆರಿಯೊಸ್. "ಇವತ್ತು ನಾವು ಕೇಳ್ತಿರೋದು ಕಾಡಿನ ಬಗ್ಗೆ. ಗಿಡ, ಪ್ರಾಣಿ, ಪಕ್ಷಿ. ಅಂಥದ್ದೇನಾದ್ರೂ ಇದ್ರೆ ಹೇಳಿ."

ಮನುಷ್ಯರ ಸಾವು ಆ ದಿನದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳ ಮುಖದ ಮೇಲೆ ಒಂದು ಕಳ್ಳ ಬೆಳಕು ಬಂತು. ಅವಳ ಜೊತೆ ಆಡಿ ಬೆಳೆದ ನನಗದು ಚಿಕ್ಕಂದಿನಿಂದ ಗೊತ್ತು.

"ಹಾಗಿದ್ರೆ ಗಿಳಿ ಬರ್ಕೊಳ್ಳಿ. ನಮ್ಮನೆ ಹಿಂದಿನ ದೊಡ್ಡ ಮರದ ಪೊಟರೇಲಿ ಹಸಿರು ಗಿಳಿ ಗೂಡು ಮಾಡುತ್ತೆ. ಪ್ರಪಂಚದಲ್ಲೇ ಉಳಿದಿರೋದು ಕೆಲವೇ ಕೆಲವಂತೆ, ನೀವೇ ಹೇಳ್ತೀರಲ್ಲ, ಅದೇ ಜಾತಿ. ಬಲು ನಾಚಿಕೆ ಅವಕ್ಕೆ. ಪಾತ್ರೆ ಮುಚ್ಚಳ ಬಿದ್ರೂ ಮೊಟ್ಟೆ ಬಿಟ್ಟು ಹಾರಿಹೋಗ್ತವೆ. ನಾನು ಕೆಮ್ಮು ಬಂದ್ರೂ ಬಾಯಿಗೆ ಬಟ್ಟೆ ಹಿಡ್ಕೊಂಡೇ ಕೆಮ್ಮೋದು."

ನಾನು ನಗು ತಡೆಯಲಾರದೆ ನನ್ನ ತೊಡೆಯನ್ನೇ ಚಿವುಟಿಕೊಂಡೆ. ಗೂಡು ಇದ್ದದ್ದು ನಿಜ. ಆದರೆ ಆ ಗಿಳಿಗಳ ಬಾಯಿ ಮೋಂಚೊನ ರೇಡಿಯೊಗಿಂತ ಜೋರು. ಹಾಡಹಗಲೇ ಪೇರಲೆ ಕದಿಯುವ ಆ ಭಂಡ ಹಕ್ಕಿಗಳು, ಅವಳು ಶಂಖ ಊದುವಾಗ ತಗಡಿನ ಮಾಡಿನ ಮೇಲೆ ಕೂತು ತಾವೂ ಕಿರುಚುತ್ತಿದ್ದವು. ಬೆರಿಯೊಸ್ ಒಂದಕ್ಷರ ಬಿಡದೆ ಬರೆದುಕೊಂಡ.

ದಾರಿಯಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಕೊಮಾಯ್, ನೀನು ಸೀದಾ ನರಕಕ್ಕೇ ಹೋಗೋದು" ಎಂದೆ. "ಹೋದ್ರೆ ಹೋಗ್ಲಿ ಬಿಡೇ, ಅಲ್ಲೇನು ಹೊಳೆ ಇರಲ್ಲವಲ್ಲ" ಎಂದಳು. ಸರ್ಕಾರವನ್ನು ಗೆದ್ದೆವೆಂದೇ ನಾವು ತಿಳಿದಿದ್ದೆವು.

ಹಲವು ತಿಂಗಳು ಕಳೆದು ಬೆರಿಯೊಸ್ ಸಂತೋಷದ ಸುದ್ದಿ ತಂದವನಂತೆ ಅವಳ ಅಡುಗೆಮನೆಗೆ ಬಂದ. ಅವಳು ಕಾಫಿ ಕೊಟ್ಟಳು. ನಾನೂ ಅಲ್ಲೇ ಇದ್ದೆ. "ನಿಮ್ಮ ಮಾತನ್ನ ವರದೀಲಿ ಸೇರಿಸಿದ್ದೀವಿ, ದೋನ್ಯಾ. ಕಾಡಿಗೆ ದೊಡ್ಡ ಹಾನಿ ಇಲ್ಲ ಅಂತ ತೀರ್ಮಾನ ಆಗಿದೆ, ಮೆಟ್ಟಿಲು ಬರುತ್ತೆ. ಆದ್ರೆ ಗಿಳಿಗೋಸ್ಕರ ಷರತ್ತು ಹಾಕಿದ್ದೀವಿ. ಜನವರಿಯಿಂದ ಜೂನ್ ತನಕ ಆ ಮರದ ಸುತ್ತ ದೊಡ್ಡ ಸದ್ದು ಮಾಡೋ ಹಾಗಿಲ್ಲ. ಸ್ಪೀಕರ್ ಇಲ್ಲ, ಹಾರ್ನ್ ಇಲ್ಲ, ಗರಗಸ ಇಲ್ಲ."

ಪ್ರೊವಿ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಶಂಖದ ಕಡೆ ನೋಡಿದಳು. "ಶಂಖ?"

"ಶಂಖಾನೂ ಅಷ್ಟೆ. ನೀವೇ ಹೇಳಿದ್ರಲ್ಲ, ಮುಚ್ಚಳ ಬಿದ್ರೂ ಹಾರಿಹೋಗ್ತವೆ ಅಂತ."

"ಅದು ಸುಳ್ಳಪ್ಪಾ! ಮೆಟ್ಟಿಲು ಬೇಡ ಅಂತ ಬಾಯಿಗೆ ಬಂದದ್ದು ಹೇಳಿದೆ. ಕೇಳು ಬೇಕಾದ್ರೆ, ಇವಳನ್ನ ಕೇಳು."

ನಾನು ದೇವರ ಮೇಲೆ ಆಣೆ ಮಾಡಿದೆ. ಆತ ಮೃದುವಾಗಿ ನಕ್ಕ. "ಶಂಖಕ್ಕೋಸ್ಕರ ಈಗ ಹೀಗೆ ಹೇಳ್ತಿದ್ದೀರಿ, ಅರ್ಥ ಆಗುತ್ತೆ. ಸಹಿ ಎಲ್ಲ ಆಗಿಹೋಗಿದೆ. ನೀರು ಏರಿದ್ರೆ ಕೆಳಗೆ ಕೆಂಪು ದೀಪ ಹೊತ್ತೋ ಯಂತ್ರ ಬರುತ್ತೆ, ಮುಂದಿನ ಹಂತದಲ್ಲಿ." ಅವಳ ಸುಳ್ಳನ್ನು ನಂಬಿದವನು ಅವಳ ನಿಜವನ್ನು ನಂಬಲಿಲ್ಲ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದೇ. ಕೆಟ್ಟವನಾಗಿದ್ದರೆ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಆತ ಕೆಟ್ಟವನಾಗಿರಲಿಲ್ಲ, ಆ ಸಿಟ್ಟು ನನಗೆ ಇಂದಿಗೂ ಇದೆ.

ಮೆಟ್ಟಿಲು ಬಂತು. 'ದಿಢೀರ್ ಪ್ರವಾಹ ಬರಬಹುದು' ಎಂಬ ಹಳದಿ ಬೋರ್ಡೂ ಬಂತು, ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಯಂತ್ರ ಬರಲಿಲ್ಲ. ಫ್ಲೋರಿಡಾದ ಒರ್ಲಾಂಡೊದಲ್ಲಿ ಹೋಟೆಲಿನ ಹಾಸಿಗೆ ಬದಲಿಸಿ ಬದಲಿಸಿ ಸೊಂಟ ಮುರಿದುಕೊಂಡಿದ್ದ ಇರಾಯ್ದಾಳಿಗೆ ಮೆಟ್ಟಿಲ ಬಳಿಯ ಗೂಡಂಗಡಿಯಂಥ ಕೋಣೆಯಲ್ಲಿ ಚೀಟಿ ಹರಿಯುವ ಕೆಲಸ ಸಿಕ್ಕಿತು. ಮಗಳು ಊರಿಗೆ ಬಂದಳೆಂದು ಪ್ರೊವಿ ಮೆಟ್ಟಿಲನ್ನು ಶಪಿಸುವುದನ್ನೂ ಬಿಟ್ಟಳು. ಆ ವರ್ಷ ಅವಳು ನಗುನಗುತ್ತಾ ಇದ್ದದ್ದನ್ನು ನಾನು ಕಂಡಿದ್ದೇನೆ.

ಫೆಬ್ರವರಿಯಲ್ಲಿ ಒಮ್ಮೆ ಹೊಳೆ ಗುಡುಗಿತು. ಪ್ರೊವಿ ಯಾವ ಷರತ್ತನ್ನೂ ನೆನೆಯದೆ ಊದಿದಳು. ಜನ ದಡ ಹತ್ತಿದರು, ನೀರು ಮೊಣಕಾಲುದ್ದ ಬಂದು ಇಳಿದುಹೋಯಿತು. ಅಷ್ಟಕ್ಕೇ ಕಾಡಿನ ಕಚೇರಿಯವರು ಇರಾಯ್ದಾಳನ್ನು ಕರೆಸಿ, ಇನ್ನೊಮ್ಮೆ ಹೀಗಾದರೆ ನಿನ್ನ ಕೆಲಸ ಇರುವುದಿಲ್ಲ ಎಂದರು. ಅವಳು ಅಳುತ್ತಾ ಮನೆಗೆ ಬಂದು ಮೊಳೆಯಿಂದ ಶಂಖ ತೆಗೆದಳು.

"ಜುಲೈಗೆ ವಾಪಸ್ ತಂದುಕೊಡ್ತೀನಮ್ಮ."

"ಮೊಳೆ ಮೇಲೆ ಇರ್ಲಿ ಬಿಡೇ. ನಾನು ಮುಟ್ಟಲ್ಲ."

"ನೀನು ಮುಟ್ಟಲ್ವಾ? ವಾಸನೆ ಬಂದ್ರೆ ನಿದ್ದೇಲೂ ಎದ್ದು ಊದೋಳು ನೀನು. ಮನೇಲಿ ಎಲ್ಲಿ ಬಚ್ಚಿಟ್ರೂ ಹುಡುಕ್ತೀಯ. ಚೀಟಿ ಗೂಡಲ್ಲೇ ಇಟ್ಕೋತೀನಿ." ಬಾಗಿಲಲ್ಲಿ ನಿಂತು ಅಮ್ಮನ ಗಲ್ಲ ಹಿಡಿದು, "ಹೊಳೆ ಪಕ್ಕದಲ್ಲೇ ನಾನಿರ್ತೀನಲ್ಲ, ನೋಡ್ಕೋತೀನಿ" ಎಂದಳು. ಮತ್ತೆ ಫ್ಲೋರಿಡಾಕ್ಕೆ ಹೋದಾಳೆಂಬ ಹೆದರಿಕೆಗೆ ಪ್ರೊವಿ ಶಂಖವನ್ನು ಬಿಟ್ಟುಕೊಟ್ಟಳು.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಅವಳ ಅಂಗಳದಲ್ಲಿ ಬಾಳೆಕಾಯಿ ತುರಿಯುತ್ತಾ ಕೂತಿದ್ದೆವು. ಬಿಸಿಲಿತ್ತು. ಕೆಳಗಿನ ಬಯಲಿನಲ್ಲಿ ಕಾರುಗಳು ಕಿಕ್ಕಿರಿದಿದ್ದವು. ಪ್ರೊವಿ ತುರಿಯುವುದನ್ನು ನಿಲ್ಲಿಸಿ ಮೂಗೆತ್ತಿದಳು. ನನಗಿನ್ನೂ ಏನೂ ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ಕಲ್ಲುಗಳ ಸದ್ದು ಶುರುವಾಯಿತು.

ಅವಳು ಒಳಗೆ ಓಡಿದಳು. ಶಂಖವಿಲ್ಲವೆಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಬರಿಯ ಮೊಳೆಯನ್ನು ತಡವರಿಸಿ, ದೊಡ್ಡ ಪಾತ್ರೆಯನ್ನೂ ಸೌಟನ್ನೂ ಎತ್ತಿಕೊಂಡು ಹೊರಬಂದು ಹುಚ್ಚಿಯಂತೆ ಬಡಿದಳು. "ಇರಾಯ್ದಾ! ಹೊಳೆ! ಹೊಳೆ ಬಂತು!" ನಾನೂ ಗಂಟಲು ಹರಿಯುವಂತೆ ಕೂಗಿದೆ. ನೀರು ಮನೆಯ ಮುಂದೆಯೇ ಹಾದುಹೋಯಿತು, ಕಂದು ಬಣ್ಣದ್ದು, ಬೇರುಸಹಿತ ಮರಗಳನ್ನು ಹೊತ್ತದ್ದು. ನಮ್ಮ ಸದ್ದೆಲ್ಲ ಅದರ ಹೊಟ್ಟೆಗೆ ಹೋಯಿತು.

ಆಗ ಕೆಳಗಿನಿಂದ ಶಂಖ ಕೇಳಿಸಿತು.

ಮೇಲಿನಿಂದ ಕೆಳಕ್ಕೆ ಹೋಗುವ ಸದ್ದದು. ಕೆಳಗಿನಿಂದ ಮೇಲಕ್ಕೆ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪ್ರೊವಿಯ ಕೈಯ ಸೌಟು ಬಿತ್ತು. "ಇನ್ನೂ ಅಲ್ಲೇ ಇದ್ದಾಳೆ" ಎಂದಳು. ಎರಡನೆಯದೂ ಬಂತು, ಉದ್ದವಾಗಿ, ಅಮ್ಮನ ಹಾಗೆಯೇ. "ಊದಿದ್ದು ಸಾಕು ಮಗಳೇ, ಮೇಲೆ ಹತ್ತೇ, ಮೇಲೆ ಹತ್ತು." ಮೂರನೆಯದು ಶುರುವಾಗಿ ಅರ್ಧಕ್ಕೇ ನಿಂತುಹೋಯಿತು.

ಬದುಕಿ ಬಂದವರು ಆಮೇಲೆ ಹೇಳಿದರು. ನೀರಿನಲ್ಲಿ ಕೊಳೆತ ಎಲೆ ತೇಲಿಬಂದದ್ದು ನೋಡಿ ಇರಾಯ್ದಾ ಚೀಟಿ ಗೂಡಿನಿಂದ ಶಂಖ ತಂದು ಮೆಟ್ಟಿಲ ಮೇಲೆ ನಿಂತು ಊದಿದಳಂತೆ. ಅದೇನೋ ಊರಿನ ಆಟವೆಂದು ತಿಳಿದು ಜನ ಚಪ್ಪಾಳೆ ತಟ್ಟಿ ಫೋನು ಎತ್ತಿದರಂತೆ. ಅವಳು ಮಡುವಿಗೇ ಇಳಿದು ಮಕ್ಕಳನ್ನು ದೂಡಿದಳು, ದೊಡ್ಡವರನ್ನು ಬೈದಳು, ಮತ್ತೆ ಊದಿದಳು. ಅವಳಿಂದಾಗಿ ಬಹಳ ಜನ ಮೇಲೆ ಹತ್ತಿದರು. ಹೊಳೆ ಮೂವರನ್ನು ಒಯ್ದಿತು. ಇಬ್ಬರು ಹೊರಗಿನವರು, ಒಬ್ಬಳು ನಮ್ಮವಳು.

ಶಂಖ ಮೋಂಚೊನ ಅಂಗಡಿಯ ಹಿಂದಿನ ಕೆಸರಿನಲ್ಲಿ ಸಿಕ್ಕಿತು. ಅವನು ಅದನ್ನು ತೊಳೆದು ತಂದು ಪ್ರೊವಿಯ ಮೇಜಿನ ಮೇಲಿಟ್ಟ. ಸಮಾಧಿಯ ಬಳಿ ಬೆರಿಯೊಸ್ ಎಲ್ಲರ ಹಿಂದೆ ನಿಂತಿದ್ದ. ಜನ ಚದುರಿದ ಮೇಲೆ ಹತ್ತಿರ ಬಂದು, "ಆ ಷರತ್ತು ತೆಗೆದುಹಾಕಿದ್ದೀವಿ, ದೋನ್ಯಾ. ನೀವಿನ್ನು ಊದಬಹುದು" ಎಂದ. ಅವನ ಕಣ್ಣು ಕೆಂಪಾಗಿತ್ತು.

"ಗಿಳಿಗಳನ್ನ ಕೇಳಿ ಹೇಳ್ತೀನಪ್ಪಾ" ಎಂದಳು ಪ್ರೊವಿ.

ಅವಳು ಈಗ ದಿನವೂ ಊದುತ್ತಾಳೆ. ಮಳೆ ಇರಲಿ ಬಿಡಲಿ, ಮಧ್ಯಾಹ್ನ ಅದೇ ಹೊತ್ತಿಗೆ ಎರಡು ಸಲ ಉದ್ದಕ್ಕೆ ಊದಿ, ಮೂರನೆಯದನ್ನು ಅರ್ಧಕ್ಕೇ ನಿಲ್ಲಿಸುತ್ತಾಳೆ. ಮೊದಮೊದಲು ಜನ ಹೊಳೆಯಿಂದ ಎದ್ದು ಓಡುತ್ತಿದ್ದರು. ಯಾವುದು ಹೊಳೆಯ ಶಂಖ, ಯಾವುದು ಮಗಳ ಶಂಖ ಎಂದು ತಿಳಿಯದಾದ ಮೇಲೆ ಊರವರು ನೀರಿಗಿಳಿಯುವುದನ್ನೇ ಬಿಟ್ಟರು. ಪ್ರವಾಸಿಗರಿಗೂ ಹೆದರಿಕೆಯಾಗಿ, ಮೆಟ್ಟಿಲ ಮೇಲೆ ಪಾಚಿ ಕಟ್ಟಿದೆ. ನಿಲ್ಲಿಸೆಂದು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ, ನನಗೂ ಇಲ್ಲ.

ಗಿಳಿಗಳು ಎಲ್ಲಿಗೂ ಹೋಗಿಲ್ಲ. ಈ ವರ್ಷ ಎರಡು ಮರಿ ಮಾಡಿವೆ. ಶಂಖದ ಸದ್ದು ಎದ್ದ ಕೂಡಲೇ ಮರಿಗಳನ್ನೂ ಕರೆದುಕೊಂಡು ಮಾಡಿನ ಮೇಲೆ ಬಂದು ಕೂತು, ತಾವೂ ಜೊತೆಗೆ ಕಿರುಚುತ್ತವೆ. ಪ್ರೊವಿ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಊದಿ ಮುಗಿಸಿ, ಅವು ಸುಮ್ಮನಾಗುವವರೆಗೆ ಕಾದು, ಕೆಳಗಿನಿಂದ ಏನಾದರೂ ಬರುತ್ತದೇನೋ ಎಂದು ಕಿವಿಗೊಟ್ಟು ನಿಂತಿರುತ್ತಾಳೆ.