ಕವಲಿಗೊಂದು ಹಿಡಿ ಸೊಪ್ಪು

ನಮ್ಮತ್ತೆ ಪಿಳ್ಳಮ್ಮನ್ನ ನಾನು ಒಂದೇ ಒಂದು ಸಲ ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ಎಂಬತ್ತೇಳನೇ ಇಸವಿ ಅದು. ನಾಟ್ರಾಂಪಾಳ್ಯದ ಕಾಡಂಚಲ್ಲಿ ಅರವತ್ತು ವರ್ಷ ಬಾಳಿದ ಹೆಂಗಸು, ಮಾವ ತೀರಿಕೊಂಡ ಮೇಲೆ ಹೊಸೂರಿನ ಅವಲಪಲ್ಲಿಯ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಬಂದ ಮೂರನೇ ದಿನ ಕರಿಬೇವು ತರ್ತೀನಿ ಅಂತ ಹೋದೋರು ಸಂಜೆಯಾದರೂ ಪತ್ತೆಯಿಲ್ಲ. ನಮ್ಮ ಬಡಾವಣೇಲಿ ಎಲ್ಲಾ ಮನೆಗೂ ಒಂದೇ ಬಣ್ಣ, ಒಂದೇ ಗೇಟು. ಕೊನೆಗೆ ಹೂ ಮಾರೋ ತಮಿಳಿನೋಳು ಕೈ ಹಿಡಿದು ಕರ್ಕೊಂಡು ಬಂದಳು. ನಾನು ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದೆ: "ಇನ್ನೊಂದ್ಸಲ ಒಬ್ರೇ ಹೊಸ್ಲು ದಾಟಿದ್ರೆ ನೋಡಿ!"

ಅತ್ತೆ ಸೆರಗಲ್ಲಿದ್ದ ಕರಿಬೇವು ಬಿಚ್ಚಿ ಕೊಟ್ಟು ಒಳಗೆ ಹೋದರು. ಆಮೇಲೆ ಎಂಟು ತಿಂಗಳು ಗೇಟಿನಿಂದಾಚೆ ಕಾಲಿಡಲಿಲ್ಲ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಆ ನಡುವೆ ಕೆಲಮಂಗಲದಿಂದ ಒಂದು ಕಾರ್ಡು ಬಂತು. ಅತ್ತೆಯ ಅಕ್ಕ ಕದಿರಮ್ಮ ಯಾರ ಕೈಲೋ ಬರೆಸಿದ್ದರು. "ಕಣ್ಣು ದಿನಾ ಮಂಜಾಗ್ತಾ ಐತೆ ಪಿಳ್ಳೀ. ಪೂರ್ತಿ ಹೋಗೋದ್ರೊಳಗೆ ನಿನ್ ಮುಖ ಒಂದ್ಸಲ ನೋಡ್ಬೇಕು." ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕಂಬಳಿ ಹೊದ್ದು ಕಾಡಲ್ಲಿ ಮೇಕೆ ಮೇಯಿಸಿದೋರು. ನಮ್ಮನೆಯವರು ವೆಂಕಟಸ್ವಾಮಿ "ಈ ಭಾನುವಾರ ಕರ್ಕೊಂಡು ಹೋಗ್ತೀನಮ್ಮ" ಅಂದರು. ಆ ಭಾನುವಾರ ಫ್ಯಾಕ್ಟರೀಲಿ ಓವರ್‌ಟೈಮ್ ಕೆಲಸ, ಮುಂದಿನ ಭಾನುವಾರವೂ ಅದೇ. ನನಗೋ, ಹೊಲಿಗೆ ಮಿಷನ್ ಮುಂದೆ ರವಿಕೆಗಳ ರಾಶಿ. ಕೆಲಮಂಗಲ ಏನು ಕಾಶಿಯಾ? ಬಸ್ಸಲ್ಲಿ ಒಂದು ಗಂಟೆಯೂ ಇಲ್ಲ. ಆದರೂ ನಮ್ಮಿಬ್ಬರಿಗೂ ಪುರುಸೊತ್ತಾಗಲಿಲ್ಲ. ಅತ್ತೆ ಆ ಕಾರ್ಡನ್ನು ಎಲೆಅಡಿಕೆ ಚೀಲದಲ್ಲಿ ಮಡಿಸಿಟ್ಟುಕೊಂಡಿದ್ದರು.

ಅದೇ ದಿನಗಳಲ್ಲಿ ನಮ್ಮನೆಯವರು ಒಂದು ಕಂಪ್ಯೂಟರ್ ತಂದರು. ಅವರ ಇಂಜಿನಿಯರ್ ಸಾಹೇಬರು ವರ್ಗವಾಗಿ ಹೋಗುವಾಗ "ಕಲ್ತ್ಕೊಳ್ಳಯ್ಯಾ, ಮುಂದೆಲ್ಲಾ ಇದೇ" ಅಂತ ಕೊಟ್ಟು ಹೋದರಂತೆ. ಬರೀ ಗುಂಡಿಗಳ ಒಂದು ಕರಿ ಮಣೆ. ಅದನ್ನ ಟೀವಿಗೆ ಸಿಕ್ಕಿಸಿ, ಟೇಪ್‌ರೆಕಾರ್ಡರಿಗೆ ಕ್ಯಾಸೆಟ್ ಹಾಕಿದರೆ ಐದು ನಿಮಿಷ ಕೀಂಯ್ ಅಂತ ಅರಚಿ ಒಂದು ಆಟ ಬರ್ತಿತ್ತು. ಬೆರಳುದ್ದದ ಒಬ್ಬ ಮನುಷ್ಯ, ಸುತ್ತಲೂ ಕಾಡು. ಎತ್ತ ಬೇಕಾದರೂ ಹೋಗಬಹುದು, ಹಿಂಗೇ ಹೋಗು ಅನ್ನೋರಿಲ್ಲ. ಕಾಡಿನಾಚೆ ಎಲ್ಲೋ ಇರೋ ಅವನ ಮನೆಗೆ ಅವನನ್ನ ಸೇರಿಸಬೇಕು. ದಾರೀಲಿ ಕೊಡಲಿ, ಹಗ್ಗ, ಬಿಂದಿಗೆ, ಗಂಟೆ ಅಂತ ಏನೇನೋ ಬಿದ್ದಿರ್ತವೆ. ಒಂದು ಗುಂಡಿ ಒತ್ತಿದರೆ ಎತ್ಕೊಳ್ತಾನೆ, ಇನ್ನೊಂದು ಒತ್ತಿದರೆ ಕೆಳಗಿಡ್ತಾನೆ.

ನಮ್ಮನೆಯವರು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಓಡಿಸಿದ್ದೇ ಓಡಿಸಿದ್ದು. ಎಲ್ಲಿ ನೋಡಿದರೂ ಅವೇ ಮರ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲೋನು. ಎರಡು ವಾರಕ್ಕೆ "ಇದು ಆಗೋದಲ್ಲ ಹೋಗೋದಲ್ಲ" ಅಂತ ಕೈಬಿಟ್ಟರು.

ಮೂಲೇಲಿ ಕೂತು ನೋಡ್ತಿದ್ದ ಅತ್ತೆ ಕೇಳಿದರು, "ಅಲ್ಲ ಕಣ್ಲಾ, ಕವಲಲ್ಲಿ ಸೊಪ್ಪು ಹಾಕ್ದೆ ಹೋಗ್ತಾವ್ನಲ್ಲ ಆವಯ್ಯ, ದಾರಿ ಎಂಗೆ ಗೊತ್ತಾಯ್ತದೆ?"

ಅವರ ಕಾಡಿನ ಕಡೆ ಒಂದು ಪದ್ಧತಿ ಇದೆ. ದಾರಿ ಕವಲೊಡೆಯೋ ಕಡೆ ಒಂದು ಹಿಡಿ ಸೊಪ್ಪು ಮುರಿದು ಹಾಕಿ, ಮೇಲೊಂದು ಕಲ್ಲು ಹೇರ್ತಾರೆ. ಎಲೆಯ ತುದಿ ತಾವು ಹೋದ ಕಡೆಗೆ, ತೊಟ್ಟು ಬಂದ ಕಡೆಗೆ. ಕಾಡಿನ ಅಮ್ಮನಿಗೆ ಕೈ ಮುಗಿದ ಹಾಗೂ ಆಯ್ತು, ಹಿಂದೆ ಬರೋರಿಗೆ ಗುರುತೂ ಆಯ್ತು.

ಮಾರನೇ ಮಧ್ಯಾಹ್ನ ನೋಡ್ತೀನಿ, ಅತ್ತೆ ಟೀವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವ್ರೆ! ಬೇಕಾದ ಆರು ಗುಂಡಿಗೂ ಕುಂಕುಮ ಇಟ್ಟಿದ್ದರು. ನಮ್ಮನೆಯವರು ನೋಡಿ ತಲೆ ಚಚ್ಚಿಕೊಂಡರು. ಮೊದಲ ವಾರ ಅವರ ಮನುಷ್ಯ ಬರೀ ಹಳ್ಳಕ್ಕೆ ಬಿದ್ದ, ಹೊಳೆಗೆ ಬಿದ್ದ. "ಅಯ್ಯೋ ಪಾಪ, ನನ್ ಕೈಲಿ ಸಿಕ್ಕಿ ಸಾಯ್ತಾವ್ನೆ" ಅಂತ ಲೊಚಗುಟ್ಟೋರು, ಮತ್ತೆ ಕ್ಯಾಸೆಟ್ ಹಾಕಿಸಿಕೊಳ್ಳೋರು. ಕೊಡಲಿ ಸಿಕ್ಕಿದರೆ ಒಂದು ಕವಲಲ್ಲಿ, ಬಿಂದಿಗೆ ಸಿಕ್ಕಿದರೆ ಇನ್ನೊಂದರಲ್ಲಿ, ಸೊಪ್ಪಿನ ಬದಲು ಗುರುತಿಗೆ ಇಡಿಸೋರು. ಹುತ್ತದಂಥ ಗುಡ್ಡೆ ಕಂಡರೆ, ನಾಗಪ್ಪನ ಜಾಗ ಅಂತ, ಅದು ಬಲಗಡೆಗೇ ಬರೋ ಹಾಗೆ ಬಳಸಿಕೊಂಡು ಹೋಗೋರು. ಆಟದೊಳಗೆ ಮುಸ್ಸಂಜೆಯಾದರೆ ಅವನನ್ನ ಮರದಡಿ ನಿಲ್ಲಿಸಿ ಟೀವಿ, ಕಂಪ್ಯೂಟರ್ ಎರಡೂ ಆರಿಸಿಬಿಡೋರು. ಕತ್ತಲಲ್ಲಿ ಕಾಡು ತಿರುಗಬಾರದಂತೆ!

"ಅತ್ತೆ, ಆರಿಸಿದ್ರೆ ನಾಳೆ ಮೊದಲಿಂದ ಶುರು ಮಾಡ್ಬೇಕು" ಅಂದೆ.

"ಮಾಡಾಣ ಬಿಡವ್ವ. ನಡ್ದಿರೋ ದಾರಿ ತಾನೆ, ನಾಳಿಕ್ಕೆ ಇನ್ನೊಸಿ ಬೇಗ ಆಯ್ತದೆ."

ಯಾರ ಜೊತೆಗೂ ಪಂದ್ಯವಿಲ್ಲ, ಆತುರವಿಲ್ಲ. ದಿನಕ್ಕೊಂದು ಕವಲು ಅಷ್ಟೆ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಟೀವಿ ಟಿಣಿಟಿಣಿ ಅಂತ ಹಾಡಿತು. ಮಿಷನ್ ನಿಲ್ಲಿಸಿ ಓಡಿ ಹೋದೆ. ಬೆರಳುದ್ದದ ಮನುಷ್ಯ ಒಂದು ಗುಡಿಸಲ ಬಾಗಿಲಲ್ಲಿ ನಿಂತಿದ್ದ. ಅತ್ತೆ ಕಣ್ಣೊರೆಸಿಕೊಂಡು "ಮನೆ ಸೇರ್ಕಂಡ" ಅಂದರು.

ಮಾರನೇ ದಿನ ಸೀಮೆಎಣ್ಣೆ ಸಾಲಲ್ಲಿ ನಿಂತು ಹತ್ತು ಗಂಟೆಗೆ ಮನೆಗೆ ಬಂದರೆ ಬಾಗಿಲಿಗೆ ಬೀಗ. ಕೀಲಿ ತುಳಸಿ ಕುಂಡದ ಹಿಂದೆ ಇತ್ತು. ಒಳಗೆ ಅತ್ತೆ ಇಲ್ಲ, ಎಲೆಅಡಿಕೆ ಚೀಲವೂ ಇಲ್ಲ. ಅವರಿಗೆ ತಮಿಳು ಬೋರ್ಡು ಓದೋಕೆ ಬರಲ್ಲ, ಲಾರಿ ಓಡಾಡೋ ರಸ್ತೆ. ಚಪ್ಪಲಿ ಮೆಟ್ಟದೇ ಬೀದಿಗೆ ಓಡಿದೆ.

ಬೀದಿಯ ಕೊನೇಲಿ ಕಾಲು ನಿಂತುಬಿಡ್ತು. ಕರೆಂಟು ಕಂಬದ ಬುಡದಲ್ಲಿ ಒಂದು ಹಿಡಿ ಹೊಂಗೆ ಸೊಪ್ಪು, ಮೇಲೊಂದು ಕಲ್ಲು. ಎಲೆಯ ತುದಿ ಎಡಕ್ಕೆ.

ಎಡಕ್ಕೆ ಹೋದೆ. ನೀರಿನ ಟ್ಯಾಂಕಿನ ಹತ್ತಿರ ಇನ್ನೊಂದು ಹಿಡಿ, ರೇಷನ್ ಅಂಗಡಿ ತಿರುವಲ್ಲಿ ಮತ್ತೊಂದು. ಇದೇ ಅಂಗಡಿ ಮುಂದೆ ಸಾಲಲ್ಲಿ ನಿಂತಿದ್ದೆ, ನಮ್ಮತ್ತೆ ಹಿಂದಿನಿಂದ ಹಾದು ಹೋಗಿದ್ದೂ ನನಗೆ ಕಾಣಲಿಲ್ಲ, ವಾಪಸ್ ಮನೆಗೆ ಬರುವಾಗ ಈ ಸೊಪ್ಪೂ ಕಾಣಲಿಲ್ಲ. ಬಯಲಿನ ಕವಲಲ್ಲಿ ಮೇಕೆಯೊಂದು ಸೊಪ್ಪನ್ನೆಲ್ಲ ಮೇಯ್ದು ಮುಗಿಸಿತ್ತು, ಕಲ್ಲು ಮಾತ್ರ ಉಳಿದಿತ್ತು. ಎತ್ತ ಹೋದರೋ ಶಿವನೇ ಅಂತ ಅಳು ಬಂತು. ಎರಡು ದಾರಿಗಳ ನಡುವೆ ಅರಿಶಿನ ಕುಂಕುಮ ಹಾಕಿದ ಒಂದು ಹುತ್ತ ಇತ್ತು. ಅದು ಬಲಗಡೆಗೇ ಬರಬೇಕಲ್ಲವಾ ಅವರಿಗೆ? ಎಡಗಡೆ ದಾರಿ ಹಿಡಿದೆ. ಮುಂದಿನ ತಿರುವಲ್ಲಿ ಸೊಪ್ಪು ಸಿಕ್ಕಿತು.

ಕೊನೇ ಹಿಡಿ ಇದ್ದಿದ್ದು ಹೊಸೂರು ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ, ಕೆಲಮಂಗಲದ ಬಸ್ಸು ನಿಲ್ಲೋ ಜಾಗದಲ್ಲಿ. ಅಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ನಮ್ಮ ಹೂವಿನೋಳು ನಕ್ಕಳು. ಅಕ್ಕನ ಕಾರ್ಡು ಬಂದಾಗಿನಿಂದ ದಿನಾ ಅವಳನ್ನ ಗೇಟಲ್ಲಿ ನಿಲ್ಲಿಸಿ, ದಾರಿಯ ಒಂದೊಂದೇ ತಿರುವು ಕೇಳಿಕೊಂಡಿದ್ದರಂತೆ ಅತ್ತೆ. ಇವತ್ತು ಬಸ್ಸು ತೋರಿಸಿ ಹತ್ತಿಸಿದ್ದೂ ಅವಳೇ. ಬಸ್ ಚಾರ್ಜಿಗೂ ಅವಳ ಹತ್ತಿರವೇ ಇಸಕೊಂಡು ಮುಂದಿನ ಬಸ್ಸು ಹತ್ತಿದೆ.

ಕದಿರಮ್ಮನ ಮನೆ ಜಗಲಿ ಮೇಲೆ ಅಕ್ಕ ತಂಗಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಕದಿರಮ್ಮ ತಂಗಿಯ ಮುಖ ಎರಡೂ ಕೈಲಿ ಹಿಡಿದು ಬೆಳಕಿಗೆ ತಿರುಗಿಸಿಕೊಂಡು, "ಕಾಣಿಸ್ತದೆ ಕಣೇ, ಮೂಗುಬೊಟ್ಟು ಕಾಣಿಸ್ತದೆ. ಮುದುಕಿ ಆಗ್ಬುಟ್ಟೆ ನೀನೂ" ಅಂತಿದ್ದರು.

ಅತ್ತೆ ನನ್ನ ನೋಡಿದರು. "ಬಂದ್ಯಾ ತಾಯಿ? ಕಾಲೆಲ್ಲಾ ಧೂಳು, ಚಪ್ಪಲೀನೂ ಹಾಕಿಲ್ವಾ?"

ಬೈಬೇಕು ಅಂತ ಬಾಯಿ ತೆರೆದೋಳು ಕೇಳಿದ್ದೇ ಬೇರೆ. "ವಾಪಸ್ ಬರೋಕೆ ದಾರಿ ತಪ್ಪೀತು ಅಂತ ಸೊಪ್ಪು ಹಾಕಿದ್ರಾ ಅತ್ತೆ?"

"ನಂಗ್ಯಾಕವ್ವಾ? ದಾರಿ ಎಲ್ಲಾ ಬಾಯಿಪಾಠ ಆಗಿತ್ತು. ನೀನು ಗಾಬರಿ ಬಿದ್ದು ಹುಡುಕ್ತೀಯ ಅಂತ ನಿಂಗೆ ಹಾಕ್ದೆ. ಅವತ್ತೂ ಗಾಬರಿಗೆ ತಾನೆ ನೀನು ಬೈದಿದ್ದು?"

ನಾನು ಅವರ ಮಡಿಲಲ್ಲಿ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಕದಿರಮ್ಮ ಕತ್ತು ಮುಂದೆ ಚಾಚಿ, "ಅದ್ಯಾರೇ ಪಿಳ್ಳೀ, ಅಳ್ತಾವ್ಳೆ?" ಅಂತ ಕೇಳಿದರು.

"ನಮ್ ಶ್ಯಾಮಲ. ನನ್ ಸೊಪ್ಪು ನೋಡ್ಕಂಡು ಬಂದವ್ಳೆ."